ಜಮಖಂಡಿಯ ಡಿಟಿಪಿ ಅಂಗಡಿಯ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್: ಒಂದು ಪ್ರಕರಣ ಅಧ್ಯಯನ

ಅಂಗಡಿ ಇರುವುದು ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ. ಕೋರ್ಟಿಗೂ ತಹಶೀಲ್ದಾರ್ ಕಚೇರಿಗೂ ಓಡಾಡುವವರೇ ಗಿರಾಕಿಗಳು. ಕಬ್ಬು ಕಟಾವಿನ ಗ್ಯಾಂಗಿನ ಕರಾರು, ಟ್ರ್ಯಾಕ್ಟರ್ ಬಾಡಿಗೆ ಪತ್ರ, ವಾಟ್ನಿ (ಆಸ್ತಿ ಹಂಚಿಕೆ) ಪತ್ರ, ಅಫಿಡವಿಟ್, ವಾರಸಾ ಅರ್ಜಿ, ಉತಾರದ (ಪಹಣಿಯ) ಪ್ರಿಂಟು ಇಲ್ಲಿಯ ದಿನದ ಕೆಲಸ. ಲಗ್ನದ ಸೀಜನ್ ಬಂತೆಂದರೆ ಲಗ್ನಪತ್ರಿಕೆಯೂ ಸೇರುತ್ತದೆ. ಇದೆಲ್ಲ ನಡೆಯುತ್ತಿದ್ದದ್ದು 6ನೇ ತಲೆಮಾರಿನ ಐ3-6006ಯು ಪ್ರೊಸೆಸರಿನ ಒಂದು ಲ್ಯಾಪ್‌ಟಾಪಿನಲ್ಲಿ. 4 ಜಿಬಿ ರ‍್ಯಾಮ್, 1 ಟಿಬಿಯ 5400 ಸುತ್ತಿನ ಹಾರ್ಡ್ ಡಿಸ್ಕ್, ಬ್ರಾಡ್‌ಕಾಮ್ 43142 ವೈಫೈ, ವಿಂಡೋಸ್ 10. ಬ್ಯಾಟರಿ ಸತ್ತು ಬಹಳ ದಿನವಾಗಿತ್ತು, ವೈರು ಕಿತ್ತರೆ ಯಂತ್ರ ಆಫ್.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಪ್ರೊಸೆಸರಾದರೆ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಮುಂದಿನದು ಬೇಕು. ಈ ಲ್ಯಾಪ್‌ಟಾಪು ಆ ಸಾಲಿನಲ್ಲಿ ನಿಲ್ಲುವುದಿಲ್ಲ. ಜನರ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನು ತುಂಬಿದ ಯಂತ್ರವನ್ನು ಭದ್ರತಾ ಅಪ್‌ಡೇಟ್ ಇಲ್ಲದೆ ಇಂಟರ್ನೆಟ್ಟಿಗೆ ಹಚ್ಚಿಡುವುದು ತಪ್ಪು. ಅದಕ್ಕೇ ವಿಂಡೋಸಿನ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ, ಅದರ 22ನೇ ಸರಣಿಯ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕುವ ನಿರ್ಧಾರವಾಯಿತು. ಉಬುಂಟು 24.04ರ ಮೇಲೆ ಕಟ್ಟಿದ ಮಿಂಟಿನ ಈ ಸರಣಿಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ.

ಇಂಥ ಅಂಗಡಿಯಲ್ಲಿ ಆಪರೇಟಿಂಗ್ ಸಿಸ್ಟಂ ಹಾಕುವುದು ಅರ್ಧ ಗಂಟೆಯ ಕೆಲಸ. ದಿನಗಟ್ಟಲೆ ಹಿಡಿಯುವುದು ಕನ್ನಡದ ಹಳೆ ಫೈಲುಗಳು, ಆಮೇಲೆ ಪ್ರಿಂಟರು. ಈ ಬರಹದಲ್ಲಿಯೂ ಹೆಚ್ಚು ಜಾಗ ಅವಕ್ಕೇ ಹೋಗಿದೆ.

ಏನನ್ನೂ ಅಳಿಸುವ ಮೊದಲು

8 ಜಿಬಿ ಪೆನ್‌ಡ್ರೈವ್ ಸಾಕು. ಮಿಂಟಿನ ಸ್ಥಾಪನೆಯ ಐಎಸ್ಒ ಫೈಲು 3 ಜಿಬಿ ಆಸುಪಾಸಿನದು. ಇಳಿಸಿಕೊಂಡ ಮೇಲೆ ಅದರ ಎಸ್‌ಎಚ್‌ಎ-256 ಮೊತ್ತವನ್ನು (ಫೈಲಿನಿಂದ ಲೆಕ್ಕಹಾಕಿ ಬರುವ ಗುರುತು ಸಂಖ್ಯೆ) ಮಿಂಟಿನವರು ಕೊಟ್ಟ ಮೊತ್ತದೊಂದಿಗೆ ಹೋಲಿಸಬೇಕು. ನೆಟ್ಟು ನಡುನಡುವೆ ಕಡಿಯುವ ಕಡೆ ಐಎಸ್ಒ ಅರೆಬರೆ ಇಳಿದು, ಸ್ಥಾಪನೆ ನಡುದಾರಿಯಲ್ಲಿ ನಿಲ್ಲುವುದಕ್ಕೆ ಅದೇ ಕಾರಣವಾಗಿರುತ್ತದೆ. ಪೆನ್‌ಡ್ರೈವಿಗೆ ಬರೆಯಲು ವಿಂಡೋಸಿನಲ್ಲೇ ರೂಫಸ್ ಎಂಬ ತಂತ್ರಾಂಶ ಬಳಸಲಾಯಿತು.

ಪೆನ್‌ಡ್ರೈವಿನಿಂದಲೇ ಮಿಂಟ್ ಚಾಲೂ ಮಾಡಿ, ಅಂಗಡಿಯ ನಿಜವಾದ ಕೆಲಸಗಳನ್ನು ಒಂದೊಂದಾಗಿ ಮಾಡಿ ನೋಡಲಾಯಿತು. ವೈಫೈ ಬರುತ್ತದೆಯೇ, ಪ್ರಿಂಟರಿನಿಂದ ಒಂದು ಹಾಳೆ ಬೀಳುತ್ತದೆಯೇ, ಹಳೆಯ ಕರಾರು ತೆರೆಯುತ್ತದೆಯೇ, ಸೇವಾ ಸಿಂಧುವಿನಂಥ ಸರ್ಕಾರಿ ಅರ್ಜಿಯಲ್ಲಿ ಕನ್ನಡ ಟೈಪ್ ಆಗುತ್ತದೆಯೇ, ಮುಚ್ಚಳ ಮುಚ್ಚಿ ತೆರೆದರೆ ಯಂತ್ರ ಎಚ್ಚರಾಗುತ್ತದೆಯೇ. ವೈಫೈ ಬರಲಿಲ್ಲ, ಪ್ರಿಂಟು ಬೀಳಲಿಲ್ಲ, ಹಳೆ ಕರಾರಿನಲ್ಲಿ ಕನ್ನಡವೇ ಕಾಣಲಿಲ್ಲ. ಮೂರಕ್ಕೂ ಪರಿಹಾರ ಸಿಕ್ಕಿತು, ಆದರೆ ಮೂರೂ ಡಿಸ್ಕು ಮುಟ್ಟುವ ಮೊದಲೇ ಗೊತ್ತಾದವು. ಬೆರಳಚ್ಚು ಸಾಧನವೋ ಡಿಜಿಟಲ್ ಸಹಿಯ ಟೋಕನ್ನೋ ಇರುವ ಅಂಗಡಿಯವರು ಅದನ್ನೂ ಇದೇ ಹಂತದಲ್ಲಿ ಚುಚ್ಚಿ ನೋಡಲೇಬೇಕು. ಈ ಅಂಗಡಿಯಲ್ಲಿ ಅವು ಇರಲಿಲ್ಲ.

ಡಿಸ್ಕು, ರ‍್ಯಾಮು, ಸ್ಥಾಪನೆ

ಹಳೆ ಡಿಸ್ಕನ್ನು ಅಳಿಸಲಿಲ್ಲ, ಹೊರಗೆ ತೆಗೆದಿಟ್ಟರು. ಅದರ ಜಾಗಕ್ಕೆ 2.5 ಇಂಚಿನ, 7 ಮಿ.ಮೀ. ದಪ್ಪದ 480 ಜಿಬಿ ಸಾಟಾ ಎಸ್‌ಎಸ್‌ಡಿ. ಒಂದೇ ರ‍್ಯಾಮ್ ಸ್ಲಾಟ್ ಇದ್ದದ್ದರಿಂದ 4 ಜಿಬಿ ತೆಗೆದು 8 ಜಿಬಿ ಡಿಡಿಆರ್4 ಹಾಕಲಾಯಿತು. ಕಂಪ್ಯೂಟರ್ ಅಂಗಡಿಯಲ್ಲಿ ಸಿಗುವುದು 2400ರ ವೇಗದ ಸ್ಟಿಕ್ಕು, ಈ ಪ್ರೊಸೆಸರಿನಲ್ಲಿ ಅದು 2133ರಲ್ಲಿ ಓಡುತ್ತದೆ, ತೊಂದರೆಯಿಲ್ಲ. ಹಿಂದಿನ ಮುಚ್ಚಳ ಬಿಚ್ಚಿದ ಕೂಡಲೇ ಬ್ಯಾಟರಿಯ ಕನೆಕ್ಟರ್ ಕೀಳಬೇಕು. ಸ್ಕ್ರೂಗಳು ಎರಡು ಉದ್ದದಲ್ಲಿರುತ್ತವೆ. ಉದ್ದನೆಯದನ್ನು ಗಿಡ್ಡ ತೂತಿಗೆ ತಿರುವಿದರೆ ಕೀಲಿಮಣೆಯ ಕಡೆ ಉಬ್ಬು ಏಳುತ್ತದೆ, ಆದ್ದರಿಂದ ತೆಗೆದ ಜಾಗದ ಚಿತ್ರ ಒಂದು ಹಾಳೆಯ ಮೇಲೆ ಬರೆದು ಅದರ ಮೇಲೆಯೇ ಸ್ಕ್ರೂ ಇಡುವುದು ಒಳ್ಳೆಯದು. ಫ್ಯಾನಿನ ರೆಕ್ಕೆಗೆ ಹತ್ತಿದ ಧೂಳನ್ನು ಬ್ರಷ್ಷಿನಿಂದ ತೆಗೆದದ್ದೂ ಆಗಲೇ. ಬೇಸಿಗೆಯಲ್ಲಿ ನಮ್ಮ ಕಡೆಯ ಯಂತ್ರ ನಿಧಾನವಾಗುವುದಕ್ಕೆ ಎಷ್ಟೋ ಸಲ ಈ ಧೂಳೇ ಕಾರಣ.

ಎಸ್‌ಎಸ್‌ಡಿಯನ್ನು ಹೀಗೆ ಹಂಚಲಾಯಿತು: ಯಂತ್ರ ಚಾಲೂ ಆಗಲು ಬೇಕಾದ 512 ಎಂಬಿ ಇಎಫ್‌ಐ, ಸಿಸ್ಟಮ್ಮಿಗೆ 80 ಜಿಬಿ, ಉಳಿದದ್ದೆಲ್ಲ ಬಳಕೆದಾರರ ಫೈಲು ಇಡುವ ಹೋಮ್. ಹೋಮ್ ಬೇರೆ ಇದ್ದರೆ ಮುಂದೆ ಸಿಸ್ಟಂ ಹೊಸದಾಗಿ ಹಾಕಿದರೂ ಗಿರಾಕಿಗಳ ಫೈಲು ಹಾಗೇ ಉಳಿಯುತ್ತವೆ. ಭಾಷೆಯ ಸೆಟ್ಟಿಂಗು ಭಾರತದ ಇಂಗ್ಲಿಷ್ ಆಗಿರುವುದು ಮುಖ್ಯ. ಅಮೆರಿಕದ ಇಂಗ್ಲಿಷ್ ಇದ್ದರೆ ಪ್ರಿಂಟಿನ ಕಾಗದದ ಅಳತೆ ಎ4 ಬದಲು ಲೆಟರ್ ಆಗಿ ಕೂಡುತ್ತದೆ, ಕೆಳಗಿನ ಸಾಲುಗಳು ಅಂದಾಜು ತಪ್ಪುತ್ತವೆ.

ಹಳೆ ಡಿಸ್ಕನ್ನು ಯುಎಸ್‌ಬಿ ಕೇಸಿನಲ್ಲಿ ಹಾಕಿ ಚುಚ್ಚಿದಾಗ ಅದರೊಳಗೆ ಏನೂ ಬರೆಯಲು ಬರಲಿಲ್ಲ. ಕಾರಣ ವಿಂಡೋಸಿನ ‘ಫಾಸ್ಟ್ ಸ್ಟಾರ್ಟಪ್’. ಅದು ಇದ್ದಾಗ ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರೆನಿದ್ರೆಯಲ್ಲಿರುತ್ತದೆ. ಹಾಗಿರುವ ಡಿಸ್ಕನ್ನು ಲಿನಕ್ಸ್ ಓದಲು ಮಾತ್ರ ಬಿಡುತ್ತದೆ. ಇಲ್ಲಿ ಬೇಕಿದ್ದದ್ದೂ ನಕಲು ಮಾತ್ರ, ಆದ್ದರಿಂದ ಹಾಗೇ ಬಿಡಲಾಯಿತು. ಬರೆಯಲೂ ಬೇಕಾದವರು ಡಿಸ್ಕು ತೆಗೆಯುವ ಮೊದಲು ವಿಂಡೋಸಿನಲ್ಲಿ ಶಿಫ್ಟ್ ಹಿಡಿದು ಶಟ್‌ಡೌನ್ ಒತ್ತಬೇಕು.

ವೈಫೈ

ಈ ಬ್ರಾಡ್‌ಕಾಮ್ ಚಿಪ್ಪಿಗೆ ಲಿನಕ್ಸಿನೊಳಗೆ ಮುಕ್ತ ಡ್ರೈವರ್ ಇಲ್ಲ, ಕಂಪನಿಯ ಡ್ರೈವರನ್ನು ಬೇರೆಯಾಗಿ ಹಾಕಬೇಕು, ಅದನ್ನು ಇಳಿಸಲು ನೆಟ್ ಬೇಕು. ದಾರಿ ಸರಳ: ಫೋನನ್ನು ಯುಎಸ್‌ಬಿ ವೈರಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡುವುದು. ಅದಕ್ಕೆ ಯಾವ ಡ್ರೈವರೂ ಬೇಡ. ನಂತರ ಡ್ರೈವರ್ ಮ್ಯಾನೇಜರ್ ತೆರೆದು ಬ್ರಾಡ್‌ಕಾಮ್ ಡ್ರೈವರ್ ಆರಿಸಿದರಾಯಿತು.

ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಇಲ್ಲೊಂದು ಎಡವುಗಲ್ಲಿದೆ. ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬಂದು, ಯಾವುದಾದರೂ ಕೀಲಿ ಒತ್ತಲು 10 ಸೆಕೆಂಡ್ ಕಾಯುತ್ತದೆ. ಒತ್ತದಿದ್ದರೆ ಸುಮ್ಮನೆ ಮುಂದೆ ಹೋಗಿಬಿಡುತ್ತದೆ. ಡ್ರೈವರ್ ಹಾಕಿದ್ದೇವೆ ಎಂದುಕೊಳ್ಳುತ್ತೇವೆ, ಆದರೆ ಸಹಿಯ ಕೀಲಿ ನೋಂದಣಿಯಾಗಿರುವುದಿಲ್ಲ, ಕರ್ನೆಲ್ (ಸಿಸ್ಟಮ್ಮಿನ ತಿರುಳು) ಆ ಡ್ರೈವರನ್ನು ಒಳಗೆ ಬಿಡುವುದಿಲ್ಲ. ಈ ಅಂಗಡಿಯಲ್ಲಿ ಮೊದಲ ಸಲ ಆದದ್ದೇ ಹೀಗೆ: ರೀಸ್ಟಾರ್ಟ್ ಕೊಟ್ಟು ಚಹಾಕ್ಕೆ ಹೋದರು. ಎರಡನೆಯ ಸಲ ಪರದೆಯ ಮುಂದೆಯೇ ಕೂತು ‘ಎನ್‌ರೋಲ್ ಎಂಒಕೆ’ ಆರಿಸಿ ಅದೇ ಪಾಸ್‌ವರ್ಡ್ ಕೊಟ್ಟಾಗ ವೈಫೈ ಬಂತು.

ಕೀಲಿಮಣೆ

ಅಂಗಡಿಯ ಟೈಪಿಸ್ಟಿನ ಬೆರಳಿಗೆ ಕೂತದ್ದು ಕೆ.ಪಿ. ರಾವ್ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ (ಕಗಪ, ಕೆಜಿಪಿ) ‘ನುಡಿ’ ಎಂಬ ಕನ್ನಡ ತಂತ್ರಾಂಶದ ಮೂಲಕ ಊರೂರಿಗೆ ಹಬ್ಬಿದ ಅದೇ ವಿನ್ಯಾಸ. ‘ಕನ್ನಡ’ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂಬ ಐದು ಕೀಲಿ. ಮಿಂಟಿನಲ್ಲಿ ಇದು ಎರಡು ರೀತಿಯಲ್ಲಿ ಸಿಗುತ್ತದೆ, ಎರಡೂ ಒಂದೇ ಅಲ್ಲ.

ಕೀಬೋರ್ಡ್ ಸೆಟ್ಟಿಂಗಿನ ಲೇಔಟ್ ಪಟ್ಟಿಯಲ್ಲಿರುವ ‘ಕಗಪ, ಫೋನೆಟಿಕ್’ ಯಾವ ಹೆಚ್ಚಿನ ತಂತ್ರಾಂಶವೂ ಇಲ್ಲದೆ ನಡೆಯುತ್ತದೆ. ಆದರೆ ಅಲ್ಲಿ ಒಂದು ಕೀಲಿಗೆ ಒಂದು ಅಕ್ಷರ, ಹಿಂದಿನ ಅಕ್ಷರವನ್ನು ಅದು ನೋಡುವುದಿಲ್ಲ. ಇಂಗ್ಲಿಷಿನ ಇ ಕೀಲಿ ಒತ್ತಿದರೆ ಎತ್ವ ಬರುತ್ತದೆ, ಪದದ ಮೊದಲಿಗೆ ಬಿಡಿ ‘ಎ’ ಬೇಕೆಂದರೆ ಬಲಗಡೆಯ ಆಲ್ಟ್ ಹಿಡಿದು ಒತ್ತಬೇಕು. ನುಡಿಯಲ್ಲಿ ಪಳಗಿದ ಕೈಗೆ ಇದು ಪ್ರತಿ ಸಾಲಿನಲ್ಲೂ ಮುಗ್ಗರಿಕೆ. ಒಂದು ದಿನ ನೋಡಿ ಇದನ್ನು ಬಿಟ್ಟರು.

ಎರಡನೆಯದು ಐಬಸ್ ಎಂಬ ಟೈಪಿಂಗ್ ತಂತ್ರಾಂಶ. ಸಾಫ್ಟ್‌ವೇರ್ ಮ್ಯಾನೇಜರಿನಿಂದ ಐಬಸ್-ಎಂ17ಎನ್ ಹಾಕಿ, ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಲಾಗೌಟ್ ಆಗಿ ಮತ್ತೆ ಒಳಬಂದು, ಐಬಸ್ ಪ್ರಿಫರೆನ್ಸಿನಲ್ಲಿ ಕನ್ನಡದ ಕೆಳಗೆ ಕೆಜಿಪಿ ಸೇರಿಸುವುದು. ಸ್ವರ ಬಿಡಿಯೋ ಕಾಗುಣಿತವೋ ಎಂದು ಸಂದರ್ಭ ನೋಡಿ ತಾನೇ ತೀರ್ಮಾನಿಸುತ್ತದೆ, ನುಡಿಯ ಕೈಗೆ ಇದೇ ಸರಿ. ಸೂಪರ್ ಮತ್ತು ಸ್ಪೇಸ್ ಒತ್ತಿದರೆ ಇಂಗ್ಲಿಷ್–ಕನ್ನಡ ಬದಲು. ಲಾಗೌಟ್ ಆಗುವುದನ್ನು ಮರೆತವರು ‘ಹಾಕಿದರೂ ಬರ್ತಿಲ್ಲ’ ಎನ್ನುವುದು ಮಾಮೂಲು.

ನುಡಿಯ ಹಳೆ ಫೈಲುಗಳು

ಅಂಗಡಿಯ ನಿಜವಾದ ಆಸ್ತಿ ಎಂದರೆ ವರ್ಷಗಟ್ಟಲೆ ಟೈಪ್ ಮಾಡಿಟ್ಟ ಕರಾರುಗಳು. ಅವೆಲ್ಲ ಯೂನಿಕೋಡ್ (ಪ್ರತಿ ಅಕ್ಷರಕ್ಕೂ ಎಲ್ಲೆಡೆ ಒಂದೇ ಸಂಕೇತವಿರುವ ಪದ್ಧತಿ) ಅಲ್ಲ, ಹಳೆಯ ನುಡಿ ಫಾಂಟಿನ ಆಸ್ಕಿ ಬರಹ. ಫೈಲಿನೊಳಗೆ ‘ಕನ್ನಡ’ ಎಂಬ ಪದ ಹೇಗೆ ಕೂತಿರುತ್ತದೆ ನೋಡಿ: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀಟಿರುವ ದೊಡ್ಡ ಎ, ಪೌಂಡಿನ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯ ಜೋಡಿ ಎಸ್ಸಿನ ಅಕ್ಷರ, ಸಣ್ಣ ಕ್ಯೂ, ಮತ್ತೆ ಗೀಟಿನ ಎ. ಒಟ್ಟು ಏಳು ಚಿಹ್ನೆ. ಪಿ ಎಂದರೆ ತಲೆಕಟ್ಟಿಲ್ಲದ ‘ಕ್’, ಗೀಟಿನ ಎ ಎಂದರೆ ತಲೆಕಟ್ಟು, ಪೌಂಡ್ ಎಂದರೆ ‘ನ್’, ಜರ್ಮನ್ ಅಕ್ಷರ ಎಂದರೆ ನ-ಒತ್ತು. ಫೈಲು ಹಿಡಿದಿಡುವುದು ಅಕ್ಷರದ ಚೂರುಗಳನ್ನು, ಅವಕ್ಕೆ ಕನ್ನಡದ ರೂಪ ಕೊಡುವುದು ಫಾಂಟು. ಯೂನಿಕೋಡಿನಲ್ಲಿ ಅದೇ ಪದ ಕ, ನ, ವಿರಾಮ (ಅರ್ಧಾಕ್ಷರದ ಗುರುತು), ನ, ಡ ಎಂದು ಐದು ಸಂಕೇತ, ಕೆ.ಪಿ. ರಾವ್ ವಿನ್ಯಾಸದಲ್ಲಿ ಬೆರಳು ಒತ್ತುವ ಅದೇ ಐದು.

ಆದ್ದರಿಂದ ಮೊದಲ ಕೆಲಸ ಫಾಂಟು ತರುವುದು. ಹಳೆ ಡಿಸ್ಕಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್‌ನಿಂದ ನುಡಿಯ ಟಿಟಿಎಫ್ ಫೈಲುಗಳನ್ನು ಆರಿಸಿ, ಹೋಮಿನಲ್ಲಿ ಚುಕ್ಕೆಯಿಂದ ಶುರುವಾಗುವ, ಫಾಂಟ್ಸ್ ಎಂದು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಹೆಸರಿಟ್ಟ ಫೋಲ್ಡರಿಗೆ ಹಾಕಬೇಕು. ಚುಕ್ಕೆಯ ಫೋಲ್ಡರು ಸುಮ್ಮನೆ ಕಾಣುವುದಿಲ್ಲ, ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಕಾಣುತ್ತದೆ. ಪತ್ರ ಬರೆಯುವ ತಂತ್ರಾಂಶವಾದ ಲಿಬ್ರೆಆಫೀಸ್ ಮುಚ್ಚಿ ತೆರೆದರೆ ಹಳೆಯ ಕರಾರುಗಳು ಮೊದಲಿನಂತೆ ಕಾಣುತ್ತವೆ, ಪ್ರಿಂಟೂ ಬೀಳುತ್ತದೆ.

ಓದಲು, ಪ್ರಿಂಟಿಗೆ ಇಷ್ಟು ಸಾಕು. ತಿದ್ದಲು ಹೋದರೆ ಅಪಾಯ. ಲಿಬ್ರೆಆಫೀಸಿನ ಕಣ್ಣಿಗೆ ಇದು ಇಂಗ್ಲಿಷ್ ಬರಹ, ಅದಕ್ಕೇ ಆಟೋಕರೆಕ್ಟ್ ತನ್ನ ಇಂಗ್ಲಿಷ್ ಬುದ್ಧಿ ತೋರಿಸುತ್ತದೆ: ವಾಕ್ಯದ ಮೊದಲಕ್ಷರ ಸಣ್ಣದಿದ್ದರೆ ದೊಡ್ಡದು ಮಾಡುತ್ತದೆ. ಈ ಫಾಂಟಿನಲ್ಲಿ ಇಂಗ್ಲಿಷಿನ ಸಣ್ಣ ಎ ಎಂದರೆ ‘ಚಿ’, ದೊಡ್ಡ ಎ ಎಂದರೆ ಸೊನ್ನೆ. ಸಾಲಿನ ಮೊದಲಿಗೆ ‘ಚಿಮ್ಮಡ’ ಎಂಬ ಊರ ಹೆಸರಿದ್ದು, ಅದರ ಮುಂದೆ ಒಂದು ಸ್ಪೇಸ್ ಒತ್ತಿದರೆ ಊರು ‘ಂಮ್ಮಡ’ ಆಗುತ್ತದೆ. ಟೂಲ್ಸ್ ಮೆನುವಿನ ಆಟೋಕರೆಕ್ಟ್ ಆಪ್ಷನ್ಸಿನಲ್ಲಿ ದೊಡ್ಡಕ್ಷರಕ್ಕೆ ಸಂಬಂಧಿಸಿದ ಗುರುತುಗಳು, ಉದ್ಧರಣ ಚಿಹ್ನೆ ಬದಲಿಸುವ ಗುರುತು, ಎಲ್ಲವನ್ನೂ ತೆಗೆದ ಮೇಲಷ್ಟೇ ಇಂಥ ಫೈಲಿಗೆ ಕೈ ಹಚ್ಚಬೇಕು.

ಮುಂದಿನ ಪ್ರಶ್ನೆ: ಎಲ್ಲವನ್ನೂ ಯೂನಿಕೋಡಿಗೆ ತರಬೇಕೇ? ಬೇಡ. ಆಗಿಹೋದ ವಾಟ್ನಿ ಪತ್ರ, ನೋಂದಣಿಯಾದ ಕರಾರು ಇವುಗಳ ಪ್ರತಿ ಅಕ್ಷರಕ್ಕೆ ಅಕ್ಷರ ಮೂಲದಂತೆಯೇ ಇರಬೇಕು. ಅವನ್ನು ಪರಿವರ್ತಿಸಿ ಒಂದು ಹೆಸರು ಕೆಟ್ಟರೂ ಅನರ್ಥ. ಅವೆಲ್ಲ ನುಡಿ ಫಾಂಟಿನಲ್ಲೇ ಉಳಿಯಲಿ, ಪಕ್ಕದಲ್ಲಿ ಒಂದೊಂದು ಪಿಡಿಎಫ್ ಇರಲಿ. ದಿನಾ ತೆರೆದು ಹೆಸರು ಬದಲಿಸುವ ಮಾದರಿಗಳನ್ನು ಮಾತ್ರ ಪರಿವರ್ತಿಸಬೇಕು. ಈ ಅಂಗಡಿಯಲ್ಲಿ ಅಂಥ ಮಾದರಿಗಳು ನಲವತ್ತರ ಆಸುಪಾಸು, ಇಬ್ಬರು ಸೇರಿ ವಾರದಲ್ಲಿ ಮುಗಿಸಬಹುದಾದಷ್ಟು.

ಪರಿವರ್ತನೆಗೆ ಮುಕ್ತ ತಂತ್ರಾಂಶಗಳಿವೆ. ಆದರೆ ಇಡೀ ಫೈಲನ್ನು ಒಮ್ಮೆಲೇ ಸುರಿದರೆ ಅದರೊಳಗಿನ ನಿಜವಾದ ಇಂಗ್ಲಿಷೂ ಕನ್ನಡವೆಂದೇ ಅದಕ್ಕೆ ತೋರುತ್ತದೆ. ಜಮಖಂಡಿ ಆರ್‌ಟಿಒದ ವಾಹನ ಸಂಖ್ಯೆ ಶುರುವಾಗುವುದು ಇಂಗ್ಲಿಷಿನ ಕೆಎ-48ರಿಂದ. ನುಡಿಯಲ್ಲಿ ದೊಡ್ಡ ಕೆ ಎಂದರೆ ‘ಏ’, ದೊಡ್ಡ ಎ ಎಂದರೆ ಸೊನ್ನೆ. ಟ್ರ್ಯಾಕ್ಟರ್ ಕರಾರಿನಲ್ಲಿ ನಂಬರು ‘ಏಂ-48’ ಎಂದು ಬಂದು ಕೂತದ್ದು ಹೀಗೆ. ಉಪಾಯವೆಂದರೆ, ಹುಡುಕಿ ಬದಲಿಸುವ ಕಿಟಕಿಯಲ್ಲಿ ಪದ ಬರೆಯದೆ ಫಾರ್ಮ್ಯಾಟ್ ಗುಂಡಿ ಒತ್ತಿ ನುಡಿ ಫಾಂಟಿನ ಹೆಸರು ಕೊಟ್ಟು ‘ಫೈಂಡ್ ಆಲ್’ ಒತ್ತುವುದು. ಆ ಫಾಂಟಿನ ಭಾಗಗಳಷ್ಟೇ ಗುರುತಾಗುತ್ತವೆ, ಅವಕ್ಕೊಂದು ಬಣ್ಣ ಬಳಿದು, ಬಣ್ಣದ ಭಾಗಗಳನ್ನು ಮಾತ್ರ ತುಂಡುತುಂಡಾಗಿ ಪರಿವರ್ತಿಸಬೇಕು. ನಿಧಾನ, ಆದರೆ ನಂಬಬಹುದು.

ಎರಡನೆಯ ಕೆಡುಕು ಅರ್ಕಾವತ್ತಿನದು. ಕಣ್ಣಿಗೆ ಕಾಣುವ ಸಾಲಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಆಸ್ಕಿ ಫೈಲೂ ಹಾಗೇ ಇಡುತ್ತದೆ: ಕ, ನಾ, ಅರ್ಕಾವತ್ತು, ಟ, ಕ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, ‘ರ್’ ಮೊದಲು, ‘ನಾ’ ಆಮೇಲೆ. ಪರಿವರ್ತಕ ಹಿಂದೆ ಸರಿದು, ಕಾಗುಣಿತವನ್ನೂ ಒತ್ತನ್ನೂ ದಾಟಿ, ವ್ಯಂಜನದ ಹಿಂದೆ ‘ರ್’ ಇಡಬೇಕು. ಇದ್ದಲ್ಲೇ ಇಟ್ಟರೆ ‘ಕನಾರ್ಟಕ’ ಆಗುತ್ತದೆ. ಒಂದು ಮಾದರಿಯಲ್ಲಿ ‘ಕುಲಕರ್ಣಿ’ ಎಂಬುದು ‘ಕುಲಕಣಿರ್’ ಆಗಿತ್ತು. ‘ಅಣ್ಣಾರ, ನಮ್ಮ ಅಡ್ಡಹೆಸರ ಮುರದೈತಿ ನೋಡ್ರಿ’ ಎಂದು ಗಿರಾಕಿಯೇ ಬೆರಳಿಟ್ಟು ತೋರಿಸಿದರು. ಆ ದಿನದಿಂದ ಪರಿವರ್ತಿಸಿದ ಪ್ರತಿ ಮಾದರಿಯಲ್ಲೂ ‘ರ್’ ಹುಡುಕಿ ಒಂದೊಂದನ್ನೂ ಕಣ್ಣಿನಿಂದ ನೋಡುವ ನಿಯಮ ಬಂತು. ಜೊತೆಗೆ ಬೇರೆಯವರು ವಾಟ್ಸಾಪಿನಲ್ಲಿ ಕಳಿಸುವ ಬರಹದಲ್ಲಿ ಅರ್ಕಾವತ್ತಿನ ಬದಲು ಕನ್ನಡದ ಒಂಬತ್ತು (೯), ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿ (೦) ಇರುವುದುಂಟು. ಕಾಗದದ ಮೇಲೆ ಗೊತ್ತಾಗುವುದಿಲ್ಲ, ಸರ್ಕಾರಿ ಅರ್ಜಿಯಲ್ಲಿ ಹೆಸರು ಹೊಂದುವುದಿಲ್ಲ. ಅವೆರಡನ್ನೂ ಹುಡುಕಿ ತಿದ್ದಬೇಕು.

ಯೂನಿಕೋಡಿಗೆ ಬಂದ ಮೇಲೆ ಲಿಬ್ರೆಆಫೀಸಿನಲ್ಲಿ ಇನ್ನೊಂದು ಗೊಂದಲ. ಅಲ್ಲಿ ಕನ್ನಡ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಗುಂಪಿನದು, ಇಂಗ್ಲಿಷಿನದು ಬೇರೆ ಗುಂಪು. ಸ್ಟೈಲಿನಲ್ಲಿ ಇಂಗ್ಲಿಷ್ ಭಾಗಕ್ಕೆ ಮಾತ್ರ ಫಾಂಟು, ಗಾತ್ರ ಕೊಟ್ಟರೆ ಕನ್ನಡ ಕದಲುವುದಿಲ್ಲ. ಭಾಷೆಯ ಸೆಟ್ಟಿಂಗಿನಲ್ಲಿ ಕಾಂಪ್ಲೆಕ್ಸ್ ಗುಂಪಿಗೆ ಕನ್ನಡ ಆರಿಸಿ, ಸ್ಟೈಲಿನಲ್ಲಿ ಆ ಭಾಗಕ್ಕೇ ನೋಟೊ ಸೆರಿಫ್ ಕನ್ನಡ 13 ಪಾಯಿಂಟ್ ಕೊಡಲಾಯಿತು. ಗುಬ್ಬಿ, ನವಿಲು, ಲೋಹಿತ್ ಫಾಂಟುಗಳೂ ಸಾಫ್ಟ್‌ವೇರ್ ಮ್ಯಾನೇಜರಿನಲ್ಲೇ ಸಿಗುತ್ತವೆ.

ಪ್ರಿಂಟರು, ಕಾಗದ

ಪ್ರಿಂಟರು ಎಚ್‌ಪಿ ಲೇಸರ್‌ಜೆಟ್ 1020. ಈ ಜಾತಿಯ ಪ್ರಿಂಟರು ತನ್ನ ಫರ್ಮ್‌ವೇರನ್ನು ತಾನು ಇಟ್ಟುಕೊಳ್ಳುವುದಿಲ್ಲ, ಪ್ರತಿ ಸಲ ಆನ್ ಆದಾಗಲೂ ಕಂಪ್ಯೂಟರೇ ಅದನ್ನು ಕಳಿಸಬೇಕು. ಅದಕ್ಕೆ ಎಚ್‌ಪಿಲಿಪ್ (ಲಿನಕ್ಸಿನಲ್ಲಿ ಎಚ್‌ಪಿ ಪ್ರಿಂಟರ್ ನಡೆಸುವ ತಂತ್ರಾಂಶ) ಜೊತೆಗೆ ಕಂಪನಿಯ ಪ್ಲಗಿನ್ ಬೇಕು, ಪ್ಲಗಿನ್ನಿನ ಆವೃತ್ತಿ ಎಚ್‌ಪಿಲಿಪ್ಪಿನ ಆವೃತ್ತಿಗೆ ಸರಿಯಾಗಿ ಹೊಂದಬೇಕು. ಪೆನ್‌ಡ್ರೈವಿನಿಂದ ಓಡಿಸಿದಾಗ ಹಾಳೆ ಬೀಳದಿದ್ದದ್ದು ಪ್ಲಗಿನ್ ಇಲ್ಲದ್ದಕ್ಕೆ. ಎಚ್‌ಪಿಲಿಪ್ ಅಪ್‌ಡೇಟ್ ಆದ ಮರುದಿನ ಪ್ರಿಂಟು ನಿಂತರೆ ಮೊದಲು ನೋಡಬೇಕಾದದ್ದೂ ಇದನ್ನೇ. ಸಿಸ್ಟಂ ತಾನಾಗಿ ಸೇರಿಸಿದ ಇನ್ನೊಂದು ಪ್ರಿಂಟರ್ ಹೆಸರು ಪಟ್ಟಿಯಲ್ಲಿದ್ದರೆ ತೆಗೆದುಹಾಕಬೇಕು, ಇಲ್ಲವಾದರೆ ಕೆಲಸ ಆ ಸಾಲಿಗೆ ಹೋಗಿ ಸುಮ್ಮನೆ ಕಾಯುತ್ತದೆ.

ಕೋರ್ಟಿನ ಹಸಿರು ಕಾಗದಕ್ಕೆ ಜನ ಲೀಗಲ್ ಎನ್ನುತ್ತಾರೆ. ಆ ಹೆಸರಿನಲ್ಲಿ 14 ಇಂಚಿನದೂ ಬರುತ್ತದೆ, 13 ಇಂಚಿನ ಎಫ್‌ಎಸ್ (ಫುಲ್‌ಸ್ಕೇಪ್) ಕೂಡ ಬರುತ್ತದೆ. ಹೊಸ ರೀಮ್ ಬಿಚ್ಚಿದಾಗ ಸ್ಕೇಲಿನಿಂದ ಅಳೆಯಬೇಕು: 35.5 ಸೆಂ.ಮೀ. ಇದ್ದರೆ ಲೀಗಲ್, 33 ಇದ್ದರೆ ಎಫ್‌ಎಸ್. ಎರಡಕ್ಕೂ ಬೇರೆ ಬೇರೆ ಮಾದರಿ ಫೈಲು ಮಾಡಿಟ್ಟ ಮೇಲೆ ಸಹಿಯ ಸಾಲು ಕಾಗದದಾಚೆ ಹೋಗುವುದು ನಿಂತಿತು.

ಕರೆಂಟ್ ಹೋದಾಗ

ಬ್ಯಾಟರಿ ಸತ್ತ ಯಂತ್ರದಲ್ಲಿ ಅಪ್‌ಡೇಟ್ ನಡೆಯುತ್ತಿರುವಾಗ ಕರೆಂಟ್ ಹೋಯಿತು. ಹೊಸ ಕರ್ನೆಲ್ ಬಂದಿತ್ತು, ಅದರ ಜೊತೆಗಿರಬೇಕಾದ ಇನಿಟ್ರಾಮ್ ಫೈಲು ತಯಾರಾಗಿರಲಿಲ್ಲ. ಆನ್ ಮಾಡಿದರೆ ಕಪ್ಪು ಪರದೆ, ರೂಟ್ ಸಿಗುತ್ತಿಲ್ಲ ಎಂಬ ಕರ್ನೆಲ್ ಪ್ಯಾನಿಕ್. ಗಾಬರಿಯಾಗಿ ಎಲ್ಲ ಮತ್ತೆ ಹಾಕಬೇಕಿಲ್ಲ. ಆನ್ ಆಗುತ್ತಲೇ ಎಸ್ಕೇಪ್ ಒತ್ತಿ ಗ್ರಬ್ ಮೆನು (ಯಾವುದನ್ನು ಚಾಲೂ ಮಾಡಬೇಕೆಂದು ಕೇಳುವ ಪಟ್ಟಿ) ತರಿಸಿ, ಅಡ್ವಾನ್ಸ್‌ಡ್ ಆಪ್ಷನ್ಸಿನಲ್ಲಿ ಹಳೆಯ ಕರ್ನೆಲ್ ಆರಿಸಿದರೆ ಯಂತ್ರ ಮಾಮೂಲಿನಂತೆ ಏಳುತ್ತದೆ. ಆಮೇಲೆ ಟರ್ಮಿನಲ್ಲಿನಲ್ಲಿ ‘sudo dpkg --configure -a’ ಆಜ್ಞೆ ಕೊಟ್ಟು ಅರ್ಧಕ್ಕೆ ನಿಂತ ಕೆಲಸ ಮುಗಿಸಬೇಕು. ಹಳೆಯ ಕರ್ನೆಲ್ ಒಂದನ್ನಾದರೂ ಅಳಿಸದೆ ಇಡುವುದು ಇದಕ್ಕೇ.

ಈಗ 600 ವಿಎ ಯುಪಿಎಸ್ ಇದೆ, ಅಪ್‌ಡೇಟ್ ರಾತ್ರಿ ಅಂಗಡಿ ಮುಚ್ಚುವ ಮೊದಲು ಮನುಷ್ಯರ ಎದುರಿಗೇ ನಡೆಯುತ್ತದೆ. ಟೈಮ್‌ಶಿಫ್ಟ್ ದಿನಕ್ಕೊಂದು ನಕಲಿಡುತ್ತದೆ. ಅದು ಸಿಸ್ಟಮ್ಮಿನ ನಕಲು, ಹೋಮಿನೊಳಗಿನ ಫೈಲುಗಳನ್ನು ಅದು ತಾನಾಗಿ ಮುಟ್ಟುವುದಿಲ್ಲ. ಟೈಮ್‌ಶಿಫ್ಟ್ ಇದೆಯಲ್ಲ ಎಂದು ಕೂತವರು ಕರಾರುಗಳನ್ನೆಲ್ಲ ಕಳೆದುಕೊಂಡಾರು. ಕರಾರಿನ ಫೋಲ್ಡರನ್ನು ಶನಿವಾರಕ್ಕೊಮ್ಮೆ ಬೇರೆ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಮನೆಯಲ್ಲಿಡುತ್ತಾರೆ.

ಲಗ್ನಪತ್ರಿಕೆ ಮಾತ್ರ ಮಿಂಟಿಗೆ ಬರಲಿಲ್ಲ. ಕೋರೆಲ್‌ಡ್ರಾ ಫೈಲು ಇಂಕ್‌ಸ್ಕೇಪ್ ಎಂಬ ಮುಕ್ತ ಚಿತ್ರ ತಂತ್ರಾಂಶದಲ್ಲಿ ತೆರೆಯುತ್ತದೆ, ಬಳ್ಳಿ, ಗಣಪತಿ ಹೆಚ್ಚುಕಡಿಮೆ ಬರುತ್ತವೆ, ಆದರೆ ನುಡಿಯ ಅಕ್ಷರಗಳು ಜಾಗ ಬಿಟ್ಟು ಚೆದುರುತ್ತವೆ. ನೂರು ಪತ್ರಿಕೆಗೆ ನೂರು ಸಲ ಜೋಡಿಸುವುದಾಗದು. ಆ ಕೆಲಸ ಅಂಗಡಿಯ ಹಳೆ ಡೆಸ್ಕ್‌ಟಾಪಿನಲ್ಲೇ ಉಳಿದಿದೆ, ಅದರ ನೆಟ್‌ವರ್ಕ್ ವೈರು ಕಿತ್ತು ಕಟ್ಟಿಟ್ಟಿದ್ದಾರೆ. ಫೈಲು ಹೋಗಿಬರುವುದು ಪೆನ್‌ಡ್ರೈವಿನಲ್ಲಿ. ಹೊಸ ಪತ್ರಿಕೆಯ ಬರಹವನ್ನು ಮೊದಲು ಮಿಂಟಿನಲ್ಲಿ ಯೂನಿಕೋಡಿನಲ್ಲೇ ಟೈಪ್ ಮಾಡಿ, ಮನೆಯ ಹಿರಿಯರಿಂದ ಹೆಸರು, ಮುಹೂರ್ತ ಓದಿಸಿಕೊಂಡ ಮೇಲಷ್ಟೇ ಆ ಕಡೆ ಒಯ್ಯುತ್ತಾರೆ.